ಕ್ರಿ.ಶ. 1790ರ ತ್ರಿಪಕ್ಷ ಮೈತ್ರಿ: ಸೈನಿಕ ಮಿತ್ರಕೂಟಗಳ ಉದ್ದೇಶ ಮತ್ತು ಭವಿಷ್ಯದ ದೃಷ್ಟಿಯಿಂದ ಒಂದು ಪರಿಶೀಲನೆ

ಸ್ವತಂತ್ರ ರಾಜ್ಯಗಳು ತಮ್ಮ ಸೈನ್ಯಬಲವನ್ನು ಒಂದುಗೂಡಿಸಿ ಮಿತ್ರಕೂಟಗಳನ್ನು ರಚಿಸಿಕೊಳ್ಳುವುದು ರಾಜಕೀಯ ಇತಿಹಾಸದಲ್ಲಿ ಹೊಸ ಸಂಗತಿಯೇನಲ್ಲ. ಸಮಾನ ಶತ್ರುವೊಬ್ಬನ ಭಯವು ಇಂತಹ ಕೂಟಗಳ ಜನ್ಮಕ್ಕೆ ಕಾರಣವಾಗುತ್ತದೆ ಎಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪುತ್ತಾರೆ. ಆದರೆ ಆ ಶತ್ರು ಸೋತ ಮೇಲೆ ಅಥವಾ ಕಣ್ಮರೆಯಾದ ಮೇಲೆ ಮಿತ್ರಕೂಟದ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. 1955ರಲ್ಲಿ ರಚಿತವಾದ ವಾರ್ಸಾ ಒಪ್ಪಂದದ ಕೂಟವು 1991ರ ಜುಲೈಯಲ್ಲಿ ವಿಸರ್ಜನೆಗೊಂಡಿತು. ಅದಕ್ಕೆ ಎದುರಾಗಿದ್ದ, 1949ರಲ್ಲಿ 12 ರಾಷ್ಟ್ರಗಳಿಂದ ಆರಂಭವಾದ ಉತ್ತರ ಅಟ್ಲಾಂಟಿಕ್ ಒಪ್ಪಂದ ಸಂಘಟನೆ ಎದುರಾಳಿಯಿಲ್ಲದೆಯೂ ಉಳಿದುಕೊಂಡು, ಸದಸ್ಯರ ಸಂಖ್ಯೆಯನ್ನು 2024ರ ವೇಳೆಗೆ 32ಕ್ಕೆ ಏರಿಸಿಕೊಂಡಿತು. ಏಷ್ಯಾದಲ್ಲಿ ಅದೇ ಮಾದರಿಯಲ್ಲಿ ಕಟ್ಟಿದ ಸೀಟೋ 1977ರಲ್ಲಿಯೂ ಸೆಂಟೋ 1979ರಲ್ಲಿಯೂ ಸದ್ದಿಲ್ಲದೆ ಮುಚ್ಚಿದವು. ಒಂದೇ ಬಗೆಯ ದಸ್ತಾವೇಜುಗಳಿಂದ ಹುಟ್ಟಿದ ಕೂಟಗಳಿಗೆ ಇಷ್ಟು ಭಿನ್ನವಾದ ಅಂತ್ಯಗಳು ಏಕೆ ಒದಗಿದವು ಎಂಬುದನ್ನು ರಾಜ್ಯಶಾಸ್ತ್ರಜ್ಞರು ಬಹುಮಟ್ಟಿಗೆ ಯುರೋಪಿನ ನಿದರ್ಶನಗಳಿಂದಲೇ ವಿವರಿಸುತ್ತ ಬಂದಿದ್ದಾರೆ.

ಆದರೆ ಈ ಸಮಸ್ಯೆಯ ಎಲ್ಲ ಮುಖಗಳನ್ನೂ ತೋರಿಸಬಲ್ಲ ಒಂದು ನಿದರ್ಶನ ಕನ್ನಡನಾಡಿನ ನೆಲದಲ್ಲಿಯೇ ನಡೆದಿದೆ. ಟಿಪ್ಪು ಸುಲ್ತಾನನ ವಿರುದ್ಧ 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿ, ಪುಣೆಯ ಪೇಶ್ವೆ ಮತ್ತು ಹೈದರಾಬಾದಿನ ನಿಜಾಮ ಮಾಡಿಕೊಂಡ ತ್ರಿಪಕ್ಷ ಮೈತ್ರಿಯೇ ಅದು. ಮೂರನೆಯ ಮೈಸೂರು ಯುದ್ಧದ ಬಗ್ಗೆ ಕನ್ನಡದಲ್ಲಿ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಟಿಪ್ಪುವಿನ ವ್ಯಕ್ತಿತ್ವವನ್ನೇ ಕೇಂದ್ರವಾಗಿಟ್ಟುಕೊಂಡು, ಹೊಗಳಿಕೆ ಇಲ್ಲವೆ ತೆಗಳಿಕೆಯಲ್ಲಿ ಮುಗಿಯುತ್ತವೆ. ಅವನ ಎದುರಿಗೆ ನಿಂತ ಕೂಟದ ಒಳರಚನೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಿದ ಅಧ್ಯಯನಗಳು ವಿರಳ. ಪ್ರಸ್ತುತ ಪ್ರಬಂಧದಲ್ಲಿ ಆ ಕೂಟ ಹೇಗೆ ಹುಟ್ಟಿತು, ರಣರಂಗದಲ್ಲಿ ಹೇಗೆ ನಡೆದುಕೊಂಡಿತು, ಗೆದ್ದ ಮೇಲೆ ಏನಾಯಿತು ಎಂಬುದನ್ನು ವಿವೇಚಿಸಲು ಪ್ರಯತ್ನಿಸಲಾಗಿದೆ.

ಹದಿನೆಂಟನೆಯ ಶತಮಾನದ ದಕ್ಷಿಣಾಪಥದಲ್ಲಿ ಮೈತ್ರಿ ಎಂಬುದು ಎಷ್ಟು ಚಂಚಲವಾಗಿತ್ತೆಂಬುದಕ್ಕೆ ಹಿಂದಿನ ಎರಡು ದಶಕಗಳ ಘಟನೆಗಳೇ ಸಾಕ್ಷಿ. 1767ರಲ್ಲಿ ಹೈದರಾಲಿಯ ವಿರುದ್ಧ ಆಂಗ್ಲರೊಡನೆ ಹೊರಟ ನಿಜಾಮ ಅಲಿಯು ಅದೇ ವರ್ಷ ಹೈದರನ ಪಕ್ಷ ಸೇರಿ, ಚೆಂಗಂ ಮತ್ತು ತಿರುವಣ್ಣಾಮಲೈ ಕದನಗಳ ನಂತರ ಮತ್ತೆ ಆಂಗ್ಲರ ಕಡೆಗೆ ವಾಲಿದನು. 1768ರ ಒಪ್ಪಂದದಲ್ಲಿ ಅವರಿಬ್ಬರೂ ಹೈದರನನ್ನು ರಾಜ್ಯಾಪಹಾರಿಯೆಂದು ಸಾರಿದರು. ಮರುವರ್ಷವೇ, 1769ರ ಏಪ್ರಿಲ್‌ನಲ್ಲಿ, ಅದೇ ಆಂಗ್ಲರು ಮದರಾಸಿನಲ್ಲಿ ಹೈದರನೊಡನೆ ಪರಸ್ಪರ ರಕ್ಷಣೆಯ ಒಪ್ಪಂದಕ್ಕೆ ಸಹಿ ಮಾಡಿದರು. ಮಾಧವರಾವ್ ಪೇಶ್ವೆಯ ಸೈನ್ಯ ಮೈಸೂರಿನ ಮೇಲೆ ಬಿದ್ದು 1771ರಲ್ಲಿ ಚಿನಕುರಳಿಯಲ್ಲಿ ಹೈದರನನ್ನು ಸೋಲಿಸಿದಾಗ ಕಂಪನಿಯಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. ಈ ವಚನಭಂಗವನ್ನು ಹೈದರನು ಕೊನೆಯವರೆಗೂ ಮರೆಯಲಿಲ್ಲ. 1780ರಲ್ಲಿ ಪುಣೆ, ಹೈದರಾಬಾದು, ನಾಗಪುರ ಮತ್ತು ಮೈಸೂರುಗಳು ಸೇರಿ ಆಂಗ್ಲರ ವಿರುದ್ಧ ಕಟ್ಟಿದ ಕೂಟವು ಅದಕ್ಕೆ ಪ್ರತ್ಯುತ್ತರವೆಂಬಂತಿತ್ತು. ಆದರೆ ಅಲ್ಲಿಯೂ ಪೊಳ್ಳಿಲೂರಿನ ಗೆಲುವು ಮೈಸೂರಿನ ಏಕಾಂಗಿ ಸಾಹಸವಾಗಿತ್ತು. ಮರಾಠರು 1782ರ ಮೇ ತಿಂಗಳಲ್ಲಿ ಸಾಲ್ಬಾಯಿಯಲ್ಲಿ ಪ್ರತ್ಯೇಕ ಸಂಧಿ ಮಾಡಿಕೊಂಡರು. ಅಷ್ಟೇ ಅಲ್ಲ, ಹೈದರನು ಗೆದ್ದ ಪ್ರದೇಶಗಳನ್ನು ಆಂಗ್ಲರಿಗೂ ಅರ್ಕಾಟಿನ ನವಾಬನಿಗೂ ಹಿಂತಿರುಗಿಸುವಂತೆ ಮಾಡುವ ಹೊಣೆಯನ್ನೂ ಹೊತ್ತರು! ತನ್ನ ಮಿತ್ರನ ಗೆಲುವನ್ನು ಶತ್ರುವಿಗೆ ಮರಳಿಸುವ ಭರವಸೆಯನ್ನು ನೀಡಿದ ಇಂತಹ ಕಲಮು ಸಂಧಿಪತ್ರಗಳ ಇತಿಹಾಸದಲ್ಲಿ ಅಪರೂಪವೆಂದೇ ಹೇಳಬೇಕು.

ಈ ಪೂರ್ವಾನುಭವ ಇದ್ದರೂ 1790ರ ಕೂಟ ಏಕೆ ಸಾಧ್ಯವಾಯಿತು? ಮೂರು ಪಕ್ಷಗಳ ಉದ್ದೇಶಗಳನ್ನು ಬೇರೆ ಬೇರೆಯಾಗಿ ನೋಡಿದಾಗಲೇ ಇದು ತಿಳಿಯುತ್ತದೆ. ಪೇಶ್ವೆಯ ದರ್ಬಾರು 1785-87ರ ಯುದ್ಧದಲ್ಲಿ ನರಗುಂದ, ಬಾದಾಮಿಗಳ ಸುತ್ತ ಟಿಪ್ಪುವಿನೊಡನೆ ಹೋರಾಡಿ, 1787ರ ಗಜೇಂದ್ರಗಡದ ಒಪ್ಪಂದದಿಂದ ಪೂರ್ಣ ತೃಪ್ತಿ ಪಡೆದಿರಲಿಲ್ಲ. ಕೃಷ್ಣಾ-ತುಂಗಭದ್ರಾ ನಡುವಣ ಸೀಮೆ ನಾನಾ ಫಡ್ನವೀಸನ ಲಕ್ಷ್ಯವಾಗಿತ್ತು. ನಿಜಾಮನಿಗೆ ಕಡಪೆ ಮತ್ತು ಬಳ್ಳಾರಿ ಕಡೆಯ ಪ್ರದೇಶಗಳು ಬೇಕಾಗಿದ್ದವು. ಅದಕ್ಕಿಂತ ಹೆಚ್ಚಾಗಿ, ಮರಾಠರಿಂದ ತನ್ನನ್ನು ಕಾಪಾಡುವ ಒಬ್ಬ ಆಶ್ರಯದಾತ ಬೇಕಾಗಿದ್ದನು. ಅಂದರೆ ಕೂಟದ ಒಬ್ಬ ಸದಸ್ಯನು ಇನ್ನೊಬ್ಬ ಸದಸ್ಯನ ಭಯದಿಂದಲೇ ಕೂಟ ಸೇರಿದ್ದನು. ಈ ಅಂಶ ಮುಂದಿನ ಬೆಳವಣಿಗೆಗಳಿಗೆ ಬಹುಮುಖ್ಯವಾದುದು.

ಕಂಪನಿಯ ಸ್ಥಿತಿ ವಿಚಿತ್ರವಾಗಿತ್ತು. 1784ರ ಪಿಟ್ಟನ ಇಂಡಿಯಾ ಶಾಸನವು ಭಾರತದಲ್ಲಿ ದಿಗ್ವಿಜಯದ ಯೋಜನೆಗಳನ್ನು ಕೈಗೊಳ್ಳುವುದು ಬ್ರಿಟಿಷ್ ರಾಷ್ಟ್ರದ ಇಚ್ಛೆಗೆ ವಿರುದ್ಧವೆಂದು ಘೋಷಿಸಿ, ಹೊಸ ಆಕ್ರಮಣಕಾರಿ ಒಪ್ಪಂದಗಳಿಗೆ ತಡೆಯೊಡ್ಡಿತ್ತು. ಅದೇ ವರ್ಷದ ಮಂಗಳೂರು ಒಪ್ಪಂದದಲ್ಲಿ ಕಂಪನಿ ಮತ್ತು ಟಿಪ್ಪು ಪರಸ್ಪರರ ಶತ್ರುಗಳಿಗೆ ನೆರವಾಗಬಾರದೆಂದು ಮಾತು ಕೊಟ್ಟಿದ್ದರು. ಕಾರ್ನ್‌ವಾಲಿಸ್ 1789ರ ಜುಲೈಯಲ್ಲಿ ನಿಜಾಮನಿಗೆ ಬರೆದ ಪತ್ರದಲ್ಲಿ ಈ ಅಡ್ಡಿಯನ್ನು ಜಾಣತನದಿಂದ ದಾಟಿದನು. ನಿಜಾಮನಿಗೆ ಕಳುಹಿಸುವ ಪಡೆಯನ್ನು ಯಾವ ಯಾವ ಮಿತ್ರರ ವಿರುದ್ಧ ಬಳಸಬಾರದೆಂಬ ಪಟ್ಟಿಯನ್ನು ಅದರಲ್ಲಿ ಕೊಟ್ಟನು. ಟಿಪ್ಪುವಿನ ಹೆಸರನ್ನು ಮಾತ್ರ ಬಿಟ್ಟನು. ಹೊಸ ಒಪ್ಪಂದವಲ್ಲ, 1768ರ ಹಳೆಯ ಒಪ್ಪಂದದ ವಿವರಣೆ ಮಾತ್ರ ಎಂಬುದು ಅದರ ಹೊರರೂಪ. ಮುಂದೆ ಜಾನ್ ಮಾಲ್ಕಮ್‌ನಂತಹ ಕಂಪನಿಯ ಅಧಿಕಾರಿಯೇ, ನೇರವಾದ ರಕ್ಷಣಾ ಒಪ್ಪಂದ ಇದಕ್ಕಿಂತ ಪ್ರಾಮಾಣಿಕವೂ ಕಡಿಮೆ ಪ್ರಚೋದಕವೂ ಆಗುತ್ತಿತ್ತೆಂಬ ಧಾಟಿಯಲ್ಲಿ ಇದನ್ನು ಟೀಕಿಸಿದ್ದಾನೆ. ಡಚ್ಚರಿಂದ ಕೊಡುಂಗಲ್ಲೂರು ಮತ್ತು ಆಯಿಕೋಟೆಗಳನ್ನು ತಿರುವಾಂಕೂರಿನ ರಾಜನು ಕೊಂಡುಕೊಂಡದ್ದು, ಟಿಪ್ಪು 1789ರ ಡಿಸೆಂಬರ್ 29ರಂದು ತಿರುವಾಂಕೂರಿನ ಕೋಟೆಸಾಲಿನ ಮೇಲೆ ದಾಳಿ ಮಾಡಿದ್ದು ಪ್ರಸಿದ್ಧ ಸಂಗತಿಗಳಾದುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಆ ದಾಳಿ ಕಂಪನಿಗೆ ಬೇಕಾಗಿದ್ದ ಕಾನೂನಿನ ಸಮರ್ಥನೆಯನ್ನು ಒದಗಿಸಿತು.

ಪುಣೆಯಲ್ಲಿ ಚಾರ್ಲ್ಸ್ ಮ್ಯಾಲೆಟ್ 1790ರ ಜೂನ್ 1ರಂದು ಪೇಶ್ವೆಯೊಡನೆಯೂ, ಪಾಂಗಲ್‌ನಲ್ಲಿ ಜಾನ್ ಕೆನವೇ ಜುಲೈ 4ರಂದು ನಿಜಾಮನೊಡನೆಯೂ ಒಪ್ಪಂದಗಳನ್ನು ಮಾಡಿಕೊಂಡರು. ಪೇಶ್ವೆ ಮತ್ತು ನಿಜಾಮ ತಲಾ 25,000ಕ್ಕೆ ಕಡಿಮೆಯಿಲ್ಲದ ಸೈನ್ಯವನ್ನು ಕಳುಹಿಸಬೇಕು. ಅವರೊಡನೆ ಕಂಪನಿಯ ಪಡೆಗಳೂ ಇರಬೇಕು. ಗೆದ್ದ ಪ್ರದೇಶವನ್ನು ಸಮನಾಗಿ ಹಂಚಿಕೊಳ್ಳಬೇಕು. ಪರಸ್ಪರರ ಒಪ್ಪಿಗೆಯಿಲ್ಲದೆ ಯಾರೂ ಸಂಧಿ ಮಾಡಿಕೊಳ್ಳಬಾರದು. ಸಾಲ್ಬಾಯಿಯ ನೆನಪು ಇದ್ದವರು ಈ ಕೊನೆಯ ಕಲಮನ್ನು ಸೇರಿಸಿದುದು ಸಹಜವೇ. ಇವುಗಳ ಜೊತೆಗೆ ಇನ್ನೊಂದು ಕಲಮೂ ಇತ್ತು. ಸಂಧಿಯಾದ ಮೇಲೆ ಟಿಪ್ಪು ಯಾರೊಬ್ಬರ ಮೇಲೆ ಬಿದ್ದರೂ ಉಳಿದವರು ಕೂಡಿ ಅವನನ್ನು ಶಿಕ್ಷಿಸಬೇಕು. ಅದರ ರೀತಿ ಮತ್ತು ಷರತ್ತುಗಳನ್ನು ಮುಂದೆ ನಿರ್ಧರಿಸತಕ್ಕದ್ದು. ಯುದ್ಧ ನಡೆಸುವ ವಿವರಗಳು ಒಪ್ಪಂದದಲ್ಲಿ ಅಂಕಿಗಳ ಸಮೇತ ಖಚಿತವಾಗಿದ್ದವು. ಶಾಂತಿಕಾಲದ ವಿವರಗಳನ್ನು ಮಾತ್ರ ಮುಂದಕ್ಕೆ ದೂಡಲಾಗಿತ್ತು. ಕೂಟದ ಭವಿಷ್ಯ ಈ ಒಂದು ವಾಕ್ಯದಲ್ಲಿಯೇ ನಿರ್ಣಯವಾಗಿತ್ತೆಂಬುದು ಈ ಲೇಖಕನ ಅಭಿಪ್ರಾಯ.

ರಣರಂಗದಲ್ಲಿ ಮೂವರ ನಡೆಗಳನ್ನು ಗಮನಿಸಿದರೆ ಒಂದೇ ಯುದ್ಧ ನಡೆಯಿತೋ ಮೂರು ಯುದ್ಧಗಳು ನಡೆದವೋ ಎಂಬ ಸಂದೇಹ ಮೂಡುತ್ತದೆ. ಪರಶುರಾಮ ಭಾವೂ ಪಟವರ್ಧನನು 1790ರ ಸೆಪ್ಟೆಂಬರಿನಲ್ಲಿ ಧಾರವಾಡದ ಕೋಟೆಯನ್ನು ಮುತ್ತಿದನು. ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಹೆಚ್ಚು ಕಾಲ ಅದನ್ನು ಕಾಪಾಡಿ 1791ರ ಏಪ್ರಿಲ್ ಮೊದಲ ವಾರದಲ್ಲಿ ಒಪ್ಪಿಸಿದನು. ಮರಾಠರೊಡನೆ ಇದ್ದ ಕ್ಯಾಪ್ಟನ್ ಲಿಟ್ಟಲ್‌ನ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ ಈ ಮುತ್ತಿಗೆಯ ನಿಧಾನಗತಿಯನ್ನು ಬೇಸರ ಬೆರೆತ ವಿನೋದದಿಂದ ವರ್ಣಿಸಿದ್ದಾನೆ. ಮೂರ್‌ನ ಬರಹವನ್ನು ಎಚ್ಚರಿಕೆಯಿಂದ ಓದಬೇಕು. ಮರಾಠರಿಗೆ ಬೇಕಾಗಿದ್ದುದು ಶ್ರೀರಂಗಪಟ್ಟಣವಲ್ಲ, ಧಾರವಾಡದ ಸೀಮೆ. ಅದು ಕೈಸೇರುವವರೆಗೆ ಮುಂದೆ ಹೋಗುವ ಆತುರ ಅವರಿಗೆ ಇರಲಿಲ್ಲ. ಆಂಗ್ಲ ಅಧಿಕಾರಿಗೆ ಅದಕ್ಷತೆಯಾಗಿ ಕಂಡುದರಲ್ಲಿ ಒಂದು ಭಾಗ ಲೆಕ್ಕಾಚಾರವೂ ಆಗಿರಬಹುದು. ನಿಜಾಮನ ಸೈನ್ಯವೂ ಹೀಗೆಯೇ ಕೊಪ್ಪಳದ ಬೆಟ್ಟದ ಕೆಳಗೆ ತಿಂಗಳುಗಟ್ಟಲೆ ಬೀಡುಬಿಟ್ಟಿತ್ತು. ಅದು ಶರಣಾದುದು 1791ರ ಏಪ್ರಿಲ್‌ನಲ್ಲಿ, ಕಾರ್ನ್‌ವಾಲಿಸ್ ಮಾರ್ಚ್ 21ರಂದು ಬೆಂಗಳೂರು ಕೋಟೆಯನ್ನು ಹಿಡಿದ ಸುದ್ದಿ ಹರಡಿದ ಮೇಲೆ.

ಮಿತ್ರಕೂಟದ ದೌರ್ಬಲ್ಯ ಪೂರ್ಣವಾಗಿ ಬಯಲಾದುದು 1791ರ ಮೇ ತಿಂಗಳಲ್ಲಿ. ಕರಿಘಟ್ಟದ ಬಳಿಯ ಕದನದಲ್ಲಿ ಗೆದ್ದರೂ ಆಹಾರವಿಲ್ಲದೆ, ಎತ್ತುಗಳು ಸಾಲುಸಾಲಾಗಿ ಸತ್ತು, ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಸಿ ಕನ್ನಂಬಾಡಿಯ ಕಡೆಯಿಂದ ಹಿಮ್ಮೆಟ್ಟಿದನು. ಮೇ 26ರಂದು ಹಿಂದಿರುಗುವ ದಾರಿಯಲ್ಲಿ ಮೇಲುಕೋಟೆಯ ಸೀಮೆಯಲ್ಲಿ ಧೂಳೆಬ್ಬಿಸುತ್ತ ಬಂದ ಕುದುರೆ ದಂಡನ್ನು ಆಂಗ್ಲರು ಮೊದಲು ಶತ್ರುಗಳೆಂದೇ ಭಾವಿಸಿದರು. ಅವರು ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವೂವಿನ ಮರಾಠರು! ಟಿಪ್ಪುವಿನ ಲಘು ಅಶ್ವದಳವು ಮಿತ್ರರ ನಡುವಣ ಹರಿಕಾರರನ್ನೆಲ್ಲ ತಡೆದುದರಿಂದ ಒಂದು ಸೈನ್ಯ ಸಮೀಪದಲ್ಲಿಯೇ ಇರುವುದು ಇನ್ನೊಂದಕ್ಕೆ ತಿಳಿದಿರಲಿಲ್ಲ. ಮರಾಠರ ಬೀಡಿನ ಬಜಾರಿನಲ್ಲಿ ದವಸಧಾನ್ಯ ಸಮೃದ್ಧವಾಗಿತ್ತು. ಹಸಿದ ಮಿತ್ರರಿಗೆ ಅದನ್ನು ದುಬಾರಿ ಬೆಲೆಗೆ ಮಾರಲಾಯಿತು. ಹರಿಪಂತನು ಸೈನ್ಯದ ಖರ್ಚಿಗೆ ಸಾಲ ಕೇಳಿದಾಗ, ಚೀನಾ ವ್ಯಾಪಾರಕ್ಕೆಂದು ಬಂದಿದ್ದ ಬೆಳ್ಳಿಯನ್ನು ತಿರುಗಿಸಿ ಕಾರ್ನ್‌ವಾಲಿಸ್ ಹಣ ಒದಗಿಸಿದನು. ಮಿತ್ರರನ್ನು ಕೂಟದಲ್ಲಿ ಉಳಿಸಿಕೊಳ್ಳುವ ವೆಚ್ಚವೂ ಯುದ್ಧದ ವೆಚ್ಚದ ಒಂದು ಭಾಗವೆಂಬುದನ್ನು ಅವನು ಅರಿತಿದ್ದನು.

ಇದೇ ವರ್ಷ ಪರಶುರಾಮ ಭಾವೂವಿನ ದಂಡಿನೊಡನೆ ಇದ್ದ ಪಿಂಡಾರಿಗಳು ಶೃಂಗೇರಿ ಮಠವನ್ನು ಕೊಳ್ಳೆಹೊಡೆದ ಘಟನೆ ನಡೆಯಿತು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಮಠದಲ್ಲಿ ಪತ್ತೆಹಚ್ಚಿದ, ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳಿಂದ ಇದು ವಿದ್ವತ್ ಲೋಕಕ್ಕೆ ತಿಳಿಯಿತು. ಆ ಪತ್ರಗಳನ್ನು ಸಾಮಾನ್ಯವಾಗಿ ಟಿಪ್ಪುವಿನ ಧಾರ್ಮಿಕ ನೀತಿಯ ಚರ್ಚೆಗೆ ಮಾತ್ರ ಬಳಸಲಾಗುತ್ತದೆ. ಸಂಬಳಕ್ಕೆ ಬದಲು ಲೂಟಿಯನ್ನೇ ನಂಬಿದ ಪಡೆಗಳನ್ನು ಮಿತ್ರಕೂಟ ತನ್ನೊಡನೆ ಕರೆತಂದಾಗ, ಅದು ಯಾರ ಸೀಮೆಯ ಮೂಲಕ ಸಾಗುತ್ತದೆಯೋ ಆ ಜನರ ಪಾಡೇನು ಎಂಬುದಕ್ಕೂ ಅವು ಆಧಾರಗಳೇ ಆಗಿವೆ. ಅನಂತರ ಭಾವೂ ಶ್ರೀರಂಗಪಟ್ಟಣದ ದಿಕ್ಕಿಗೆ ಹೋಗದೆ ಶಿವಮೊಗ್ಗ ಮತ್ತು ಬಿದನೂರಿನ ಕಡೆಗೆ ತಿರುಗಿದನು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರ ಆವರಣದ ಮೇಲೆ ನಿರ್ಣಾಯಕ ದಾಳಿ ನಡೆದಾಗ ಅದನ್ನು ನಡೆಸಿದವರು ಕಂಪನಿಯ ಪಡೆಗಳು ಮಾತ್ರ.

1792ರ ಮಾರ್ಚ್‌ನಲ್ಲಿ ಮುಗಿದ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಮೂರು ಪಾಲುಗಳೂ ಕಾಗದದ ಮೇಲೆ ಸಮನಾಗಿದ್ದವು. ಒಂದೊಂದರ ಹುಟ್ಟುವಳಿ ಸುಮಾರು 13 ಲಕ್ಷ ವರಹಗಳೆಂದು ಲೆಕ್ಕ ಹಾಕಲಾಯಿತು. ಧಾರವಾಡದ ಸೀಮೆ ಮರಾಠರಿಗೆ, ಕೊಪ್ಪಳ, ಬಳ್ಳಾರಿ, ಕಡಪೆಗಳು ನಿಜಾಮನಿಗೆ, ಮಲಬಾರು, ದಿಂಡಿಗಲ್ಲು, ಬಾರಾಮಹಲು ಮತ್ತು ಕೊಡಗು ಕಂಪನಿಗೆ ಸಂದವು. ಇಬ್ಬರು ಮಿತ್ರರು ಹುಟ್ಟುವಳಿಯನ್ನು ನೋಡಿದರು. ಕಂಪನಿ ಘಟ್ಟಗಳನ್ನು ನೋಡಿತು. ಪೂರ್ವದಲ್ಲಿ ಬಾರಾಮಹಲಿನ ಕಣಿವೆಗಳೂ ಪಶ್ಚಿಮದಲ್ಲಿ ಕೊಡಗಿನ ದಾರಿಯೂ ಕೈಗೆ ಬಂದ ಮೇಲೆ ಮುಂದಿನ ಯುದ್ಧಕ್ಕೆ ಅದು ಯಾರ ಸಹಾಯವನ್ನೂ ಕಾಯಬೇಕಾಗಿರಲಿಲ್ಲ.

ಕೊಡಗಿನ ವಿಷಯವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ದೊಡ್ಡವೀರರಾಜೇಂದ್ರನು 1790ರ ಅಕ್ಟೋಬರ್‌ನಲ್ಲಿಯೇ ತಲಶ್ಶೇರಿಯ ಆಂಗ್ಲರೊಡನೆ ಒಪ್ಪಂದ ಮಾಡಿಕೊಂಡು, ಅಬರ್‌ಕ್ರೋಂಬಿಯ ಬೊಂಬಾಯಿ ಸೈನ್ಯಕ್ಕೆ ದಾರಿ, ದವಸ, ಎತ್ತುಗಳನ್ನು ಒದಗಿಸಿದ್ದನು. ಕೊಡಗನ್ನು ಬಿಟ್ಟುಕೊಡಬೇಕೆಂದಾಗ ಟಿಪ್ಪು ಕೆರಳಿದನು; ಅದು ಮಿತ್ರರ ಯಾರ ಗಡಿಗೂ ಹೊಂದಿಕೊಂಡಿಲ್ಲ, ತನ್ನ ರಾಜಧಾನಿಯ ಬಾಗಿಲಲ್ಲಿದೆ ಎಂಬುದು ಅವನ ವಾದ. ಭೂಗೋಳದ ದೃಷ್ಟಿಯಿಂದ ಆ ವಾದದಲ್ಲಿ ಹುರುಳಿತ್ತು. ಆದರೆ ಸಣ್ಣ ಮಿತ್ರನನ್ನು ಕೈಬಿಟ್ಟರೆ ಮುಂದೆ ಯಾವ ಪಾಳೆಯಗಾರನೂ ಕಂಪನಿಯನ್ನು ನಂಬುವುದಿಲ್ಲವೆಂಬ ಅರಿವು ಕಾರ್ನ್‌ವಾಲಿಸನಿಗಿತ್ತು. ಒಪ್ಪಂದವೇ ಮುರಿಯುವ ಹಂತಕ್ಕೆ ಹೋದರೂ ಅವನು ಮಣಿಯಲಿಲ್ಲ. ಈ ಸಂದರ್ಭದಲ್ಲಿ ಮಿತ್ರಧರ್ಮ ಪಾಲನೆಯಾಯಿತೆಂದು ಒಪ್ಪಬೇಕು. ವೀರರಾಜೇಂದ್ರನು ಬರೆಸಿದ ‘ರಾಜೇಂದ್ರನಾಮೆ’ಯಲ್ಲಿ ಆ ಮೈತ್ರಿಯ ಅಭಿಮಾನ ಎದ್ದು ಕಾಣುತ್ತದೆ. ಅದೇ ಕಂಪನಿ 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡು, ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳುಹಿಸಿತು.

ಗೆಲುವಿನ ನಂತರ ಕಾರ್ನ್‌ವಾಲಿಸ್ ಆ ಅಪೂರ್ಣ ಕಲಮನ್ನು ಪೂರ್ಣಗೊಳಿಸಲು ಹೊರಟನು. ಮೂವರೂ ತಮ್ಮ ತಮ್ಮ ಪಾಲನ್ನು ಟಿಪ್ಪುವಿನಿಂದ ಪರಸ್ಪರ ರಕ್ಷಿಸುವ ಖಾತರಿ ಒಪ್ಪಂದದ ಕರಡನ್ನು ಪುಣೆಗೂ ಹೈದರಾಬಾದಿಗೂ ಕಳುಹಿಸಿದನು. ನಿಜಾಮ ತಕ್ಷಣ ಒಪ್ಪಿದನು. ಪುಣೆಯ ದರ್ಬಾರು ಚೌಥದ ಹಕ್ಕುಗಳ ಮಾತೆತ್ತಿ ದಿನ ತಳ್ಳಿತು. ನಿಜಾಮನ ಮೇಲೆ ತನಗಿದ್ದ ಬಾಕಿಯನ್ನು ವಸೂಲು ಮಾಡುವಾಗ ಆಂಗ್ಲರು ಅಡ್ಡ ಬರುವಂತಹ ಯಾವ ಕಾಗದಕ್ಕೂ ಸಹಿ ಹಾಕುವ ಇಚ್ಛೆ ನಾನಾ ಫಡ್ನವೀಸನಿಗೆ ಇರಲಿಲ್ಲ. 1793ರಲ್ಲಿ ಅಧಿಕಾರಕ್ಕೆ ಬಂದ ಜಾನ್ ಶೋರ್ ಆ ಪ್ರಯತ್ನವನ್ನೇ ಕೈಬಿಟ್ಟನು. 1795ರ ಮಾರ್ಚ್‌ನಲ್ಲಿ ಖರ್ಡಾದಲ್ಲಿ ಒಬ್ಬ ಮಿತ್ರ ಇನ್ನೊಬ್ಬ ಮಿತ್ರನನ್ನು ಸೋಲಿಸಿದನು. ಮೂರನೆಯವನು ತಟಸ್ಥನಾಗಿ ನೋಡಿದನು. ನಿಜಾಮನ ಬಳಿಯಿದ್ದ ಕಂಪನಿಯ ಪಡೆಗಳಿಗೆ ಮರಾಠರ ವಿರುದ್ಧ ಹೋರಾಡಲು ಅನುಮತಿಯಿರಲಿಲ್ಲ.

ತ್ರಿಪಕ್ಷ ಒಪ್ಪಂದದಲ್ಲಿ ಒಬ್ಬನು ಹಿಂದೆ ಸರಿದರೆ ಉಳಿದವರ ನಡುವಣ ಬಂಧವೂ ಸಡಿಲವಾಗುತ್ತದೆ, ಆದುದರಿಂದ ನಿಜಾಮನನ್ನು ರಕ್ಷಿಸುವ ಕರ್ತವ್ಯ ಕಂಪನಿಗಿಲ್ಲ ಎಂಬುದು ಶೋರ್‌ನ ತರ್ಕವಾಗಿತ್ತು. ಮಾಲ್ಕಮ್ ಇದನ್ನು ಹೇಡಿತನವೆಂಬಂತೆ ಖಂಡಿಸಿದನು. ಇಬ್ಬರ ವಾದಗಳನ್ನೂ ತೂಗಿದಾಗ, ಒಪ್ಪಂದದ ಅಕ್ಷರಗಳು ಶೋರ್‌ನ ಪರವಾಗಿದ್ದವೆಂದು ತೋರುತ್ತದೆ. ಆ ಕೂಟವು ಟಿಪ್ಪುವಿನ ವಿರುದ್ಧ ಮಾತ್ರ ರಚಿತವಾಗಿತ್ತು. ಸದಸ್ಯರು ತಮ್ಮತಮ್ಮಲ್ಲಿ ಹೊಡೆದಾಡಿದರೆ ಏನು ಮಾಡಬೇಕೆಂಬ ವಿಧಿಯೇ ಅದರಲ್ಲಿ ಇರಲಿಲ್ಲ. ಆಧುನಿಕ ಮಿತ್ರಕೂಟಗಳೂ ಈ ತೊಡಕಿನಿಂದ ಮುಕ್ತವಲ್ಲ. 1974ರಲ್ಲಿ ಸೈಪ್ರಸ್ಸಿನ ವಿಷಯದಲ್ಲಿ ಗ್ರೀಸ್ ಮತ್ತು ತುರ್ಕಿ, ಎರಡೂ ಒಂದೇ ಅಟ್ಲಾಂಟಿಕ್ ಕೂಟದ ಸದಸ್ಯರು, ಯುದ್ಧದ ಅಂಚಿಗೆ ಬಂದಾಗ ಒಪ್ಪಂದದ ಐದನೆಯ ವಿಧಿಯಿಂದ ಯಾವ ಸಹಾಯವೂ ಆಗಲಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದುದು ಸರ್ವವಿದಿತ. ಅದರ ಏಳನೆಯ ಅಧಿಕರಣದಲ್ಲಿ ಸಂಧಿಯನ್ನೂ ಸಂಶ್ರಯವನ್ನೂ ಬೇರೆ ಬೇರೆ ಗುಣಗಳೆಂದು ಎಣಿಸಲಾಗಿದೆ. ಬಲಿಷ್ಠನೊಬ್ಬನ ಜೊತೆ ದಂಡೆತ್ತಿ ಹೋಗುವುದಕ್ಕಿಂತ ಸಮಬಲರಾದ ಇಬ್ಬರ ಜೊತೆ ಹೋಗುವುದು ಮೇಲೆಂಬ ವಿವೇಚನೆಯೂ ಅಲ್ಲಿದೆ. 1790ರಲ್ಲಿ ಮೂವರೂ ತಾವು ಸಮಬಲರೆಂದೇ ಭಾವಿಸಿದ್ದರು. 1798ರ ವೇಳೆಗೆ ಆ ಭಾವನೆ ಉಳಿದಿರಲಿಲ್ಲ. ಖರ್ಡಾದ ನಂತರ ಫ್ರೆಂಚ್ ಅಧಿಕಾರಿ ರೇಮೊನ ಪಡೆಯನ್ನು ಬೆಳೆಸಿದ ನಿಜಾಮನು, 1798ರ ಸೆಪ್ಟೆಂಬರ್ 1ರ ಒಪ್ಪಂದದಲ್ಲಿ ಅದನ್ನು ವಿಸರ್ಜಿಸಲು ಒಪ್ಪಿ, ಕಂಪನಿಯ ಆರು ಬೆಟಾಲಿಯನ್‌ಗಳಿಗೆ ವರ್ಷಕ್ಕೆ 24,17,100 ರೂಪಾಯಿ ತೆರಲು ಕೈಬರಹ ಕೊಟ್ಟನು. ಸಂಧಿಯು ಸಂಶ್ರಯವಾಗಿ ಮಾರ್ಪಟ್ಟ ಕ್ಷಣವಿದು.

ಇತ್ತ ಟಿಪ್ಪುವಿನ ಮೈತ್ರಿ ಪ್ರಯತ್ನಗಳು ದೂರದೂರದವು. ಅವನ ರಾಯಭಾರಿಗಳು ಕಾನ್‌ಸ್ಟಾಂಟಿನೋಪಲ್‌ಗೆ ಹೋದರು. 1788ರಲ್ಲಿ ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. 1798ರಲ್ಲಿ ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್ ಬಹಿರಂಗ ಘೋಷಣೆ ಹೊರಡಿಸಿದ ಮೇಲೆ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಜನ. ಸಮುದ್ರದಾಚೆಯ ಮಿತ್ರನಿಂದ ದೊರೆತ ಸಹಾಯ ಇಷ್ಟಾದರೆ, ಶತ್ರುವಿಗೆ ದೊರೆತ ನೆಪ ಬಹುದೊಡ್ಡದು. ಪುಣೆ ಮತ್ತು ಹೈದರಾಬಾದುಗಳೊಡನೆ ಶಾಶ್ವತವಾದ ಹೊಂದಾಣಿಕೆ ಮಾಡಿಕೊಳ್ಳಲು 1787ರ ನಂತರ ಅವಕಾಶವಿದ್ದೂ ಅವನು ಅದನ್ನು ಬಳಸಿಕೊಳ್ಳಲಿಲ್ಲವೆಂಬುದನ್ನು ಅವನ ಅಭಿಮಾನಿಗಳೂ ಒಪ್ಪಬೇಕಾಗುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮರಾಠರು ರಣರಂಗದಲ್ಲಿ ಇರಲಿಲ್ಲ. ಷರತ್ತುಗಳೊಡನೆ ಮುಂದಿಟ್ಟ ಪಾಲನ್ನು ಪೇಶ್ವೆ ಒಪ್ಪಲಿಲ್ಲ. ಅದನ್ನು ಉಳಿದಿಬ್ಬರು ಹಂಚಿಕೊಂಡರು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಪುನಃಸ್ಥಾಪಿತವಾದ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡುವ ಆಶ್ರಿತ ಮಿತ್ರನಾಯಿತು. 1831ರಲ್ಲಿ ಅದೇ ಒಪ್ಪಂದದ ಕಲಮುಗಳನ್ನು ಮುಂದಿಟ್ಟು ಅದರ ಆಡಳಿತವನ್ನು ಕಂಪನಿ ವಹಿಸಿಕೊಂಡಿತು. 1802ರ ಡಿಸೆಂಬರ್ 31ರಂದು ವಸಾಯಿಯಲ್ಲಿ ಪೇಶ್ವೆಯೂ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದನು. ಧಾರವಾಡವು 1817ರಲ್ಲಿ ಥಾಮಸ್ ಮನ್ರೋನ ವಶವಾಯಿತು.

ಎಲ್ಲಕ್ಕಿಂತ ವಿಚಿತ್ರವಾದುದು ನಿಜಾಮನ ಪಾಲಿನ ಕಥೆ. 1800ರ ಅಕ್ಟೋಬರ್ 12ರ ಒಪ್ಪಂದದಂತೆ, ಸಹಾಯಕ ಸೈನ್ಯದ ವೆಚ್ಚಕ್ಕಾಗಿ ಅವನು 1792 ಮತ್ತು 1799ರ ಯುದ್ಧಗಳಲ್ಲಿ ಗಳಿಸಿದ ಪ್ರದೇಶಗಳನ್ನು ಕಂಪನಿಗೇ ಬಿಟ್ಟುಕೊಟ್ಟನು. ಬಳ್ಳಾರಿ, ಕಡಪೆಗಳನ್ನು ಒಳಗೊಂಡ ದತ್ತಮಂಡಲ ಹುಟ್ಟಿದುದು ಹೀಗೆ. ತುಂಗಭದ್ರೆಯೇ ಎರಡು ರಾಜ್ಯಗಳ ಗಡಿಯಾಗಲೆಂಬ ಉದ್ದೇಶದಿಂದ ನದಿಯ ಉತ್ತರಕ್ಕಿದ್ದ ಕೊಪ್ಪಳ ಮೊದಲಾದುವನ್ನು ನಿಜಾಮನು ಉಳಿಸಿಕೊಂಡು, ಬದಲಿಗೆ ದಕ್ಷಿಣದ ಆದವಾನಿಯನ್ನು ಕೊಟ್ಟನು.

ಕನ್ನಡನಾಡು ಅದಕ್ಕೆ ಮೊದಲು ಅಖಂಡವಾಗಿತ್ತೆಂದು ಹೇಳುವಂತಿಲ್ಲ. ಆದರೆ 1956ರ ನವೆಂಬರ್ 1ರ ಏಕೀಕರಣಕ್ಕೆ ಮೊದಲು ಇದ್ದ ಬೊಂಬಾಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದರಾಸಿನ ಬಳ್ಳಾರಿ, ಮೈಸೂರು, ಕೊಡಗು ಎಂಬ ವಿಭಾಗಗಳ ಗಡಿಗಳಲ್ಲಿ ಬಹುಭಾಗವನ್ನು ಗುರುತಿಸಿದುದು 1792ರಿಂದ 1800ರವರೆಗಿನ ಈ ಹಂಚಿಕೆಯ ಕಲಮುಗಳೇ. ಸಾಮಾನ್ಯವಾಗಿ ಈ ವಿಭಜನೆಯನ್ನು ಬ್ರಿಟಿಷ್ ಆಡಳಿತದ ಅನುಕೂಲಕ್ಕೆ ಮಾಡಿದುದೆಂದು ವಿವರಿಸಲಾಗುತ್ತದೆ. ಮೂಲತಃ ಅದು ಯುದ್ಧಮಿತ್ರರ ನಡುವಣ ಲೂಟಿಯ ಹಂಚಿಕೆ. ಆಡಳಿತದ ಅನುಕೂಲ ಅನಂತರ ಬಂದುದು. 1937ರಲ್ಲಿ ಎನ್.ಬಿ. ರೇ ಸಂಪಾದಿಸಿದ ಪುಣೆ ರೆಸಿಡೆನ್ಸಿ ಪತ್ರವ್ಯವಹಾರದ ಮೂರನೆಯ ಸಂಪುಟವನ್ನು, ಪಾಲು ಹಂಚಿಕೆಯ ಪಟ್ಟಿಗಳನ್ನು ಮತ್ತು ಆ ಸೀಮೆಗಳ ಕನ್ನಡ ಕೈಫಿಯತ್ತುಗಳನ್ನು ಒಟ್ಟಿಗೆ ಇಟ್ಟುಕೊಂಡು ಗ್ರಾಮಮಟ್ಟದಲ್ಲಿ ಅಧ್ಯಯನ ಮಾಡುವ ಕಾರ್ಯ ಇನ್ನೂ ವಿಸ್ತಾರವಾಗಿ ನಡೆಯಬೇಕಾಗಿದೆ. ಹೊಸಪೇಟೆಯ ಕಡೆಯಿಂದ ಹರಿಗೋಲಿನಲ್ಲಿ ಹೊಳೆ ದಾಟಿ ಆನೆಗೊಂದಿಗೆ ಹೋಗುವವನು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಮದರಾಸು ಪ್ರಾಂತವನ್ನು ಬಿಟ್ಟು ನಿಜಾಮನ ರಾಜ್ಯವನ್ನು ಪ್ರವೇಶಿಸುತ್ತಿದ್ದನು. 1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಸ್ತಿಭಾರ ಹಾಕಿದಾಗ, ಎಡದಂಡೆಯಲ್ಲಿ ಹೈದರಾಬಾದ್ ಸರ್ಕಾರದ ಪರವಾಗಿ ಒಂದು, ಬಲದಂಡೆಯಲ್ಲಿ ಮದರಾಸು ಸರ್ಕಾರದ ಪರವಾಗಿ ಇನ್ನೊಂದು, ಹೀಗೆ ಎರಡು ಸಮಾರಂಭಗಳನ್ನು ನಡೆಸಬೇಕಾಯಿತು.